‘ಏನೂ ಆಗಲ್ಲ ಬಿಡು’ ಅನ್ನೋರಿಗೆ

(1/8)

ಫೋಟೋದಲ್ಲಿರೋದು ಆಲೂರು ಕಡೆ ನಮ್ಮ ದೊಡ್ಡಪ್ಪನ ಮನೆ ಕಣ. ರೋಬಸ್ಟಾ ಒಣಗ್ತಿದೆ. ಮೂಲೆಯಲ್ಲಿ ಬೆನ್ನು ಮಾಡಿ ಕೂತು ಕಾಫಿ ಹರಡ್ತಿರೋದು ದೊಡ್ಡಪ್ಪನ ಮಗ, ನಮ್ಮಣ್ಣ. ಅವನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ‘ಬರಿ, ಆದ್ರೆ ಮುಖ ಹಾಕ್ಬೇಡ, ಹೆಸರು ಹಾಕ್ಬೇಡ’ ಅಂದ. ಅದಕ್ಕೇ ಬೆನ್ನು.

ಶುರುವಾಗಿದ್ದು ಕಾಲೇಜ್ ಕ್ಯಾಂಟೀನಲ್ಲಿ. ನಮ್ಮ ಬಿ.ಕಾಂ ಕ್ಲಾಸಿನ ಇಬ್ಬರು ಫೈನಲ್ ಸೆಮ್ ಮುಗಿದ ತಕ್ಷಣ ವಿಸಿಟ್ ವೀಸಾದಲ್ಲಿ ದುಬೈಗೆ ಹೋಗ್ತಾರಂತೆ. ಅಲ್ಲೇ ಕೆಲಸ ಹುಡುಕೋದಂತೆ. ‘ವೀಸಾ ಮುಗಿಯೋದ್ರೊಳಗೆ ಸಿಗ್ಲಿಲ್ಲ ಅಂದ್ರೆ?’ ಅಂತ ಯಾರೋ ಕೇಳಿದ್ರು. ಅದಕ್ಕೆ ಬಂದ ಉತ್ತರ: ‘ಇದ್ಬಿಡೋದು ಮಗಾ. ದಂಡ ಕಟ್ಟಿದ್ರೆ ಮುಗೀತು. ಇಲ್ಲಾಂದ್ರೆ ಆಮ್ನೆಸ್ಟಿ ಬರುತ್ತೆ. ಏನೂ ಆಗಲ್ಲ ಬಿಡು.’

ಟೇಬಲ್ ಸುತ್ತ ಕೂತಿದ್ದ ಎಂಟು ಜನ ತಲೆ ಆಡಿಸಿದ್ರು. ನಾನೂ ಸುಮ್ಮನಿದ್ದೆ, ಬಜ್ಜಿ ತಿಂತಾ ಇದ್ದೆ. ಮನೆಗೆ ಬಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಆ ‘ಏನೂ ಆಗಲ್ಲ’ದ ಒಳಗೆ ಏನೇನು ಆಗುತ್ತೆ ಅಂತ ನಮ್ಮ ಮನೆಯಲ್ಲಿ ನೋಡಿದವಳು ನಾನು. ಎಂಟು ಜನರ ಮುಂದೆ ಹೇಳೋಕೆ ಆಗದೇ ಇದ್ದಿದ್ದನ್ನ ಈಗ ಎಂಟು ಪೋಸ್ಟಲ್ಲಿ ಹೇಳ್ತೀನಿ. ಓದಿ. ಜಗಳ ಆಡೋದಿದ್ರೆ ಕಾಮೆಂಟಲ್ಲಿ ಆಡೋಣ.

(2/8)

ಅಣ್ಣ ಹೋಗಿದ್ದು 2023ರ ಫೆಬ್ರವರಿಯಲ್ಲಿ. 60 ದಿನದ ವಿಸಿಟ್ ವೀಸಾ. ಏಜೆಂಟ್ ತಗೊಂಡಿದ್ದು 1 ಲಕ್ಷ 20 ಸಾವಿರ. ಅದರಲ್ಲಿ 70 ಸಾವಿರ ದೊಡ್ಡಮ್ಮನ ಸರ ಅಡವಿಟ್ಟು ತಂದಿದ್ದು. ‘ಹೋದ ಹದಿನೈದು ದಿನಕ್ಕೆ ಕಂಪನಿಯೋರೇ ವರ್ಕ್ ವೀಸಾ ಮಾಡಿಸ್ತಾರೆ’ ಅನ್ನೋ ಮಾತಿನ ಮೇಲೆ. ಮಾತಿನ ಮೇಲೆ ಅಂದ್ರೆ ನಿಜವಾಗ್ಲೂ ಬರೀ ಮಾತಿನ ಮೇಲೆ. ಒಂದು ಚೂರು ಕಾಗದ ಇರ್ಲಿಲ್ಲ. ನಾವು ಕಾಮರ್ಸ್ ಓದೋರು, ಐನೂರು ರೂಪಾಯಿ ಕ್ಯಾಶ್ ಪರ್ಚೇಸ್‌ಗೂ ವೌಚರ್ ಎಲ್ಲಿ ಅಂತ ಕೇಳೋಕೆ ಕಲ್ತವರು. ಮನೆಯಲ್ಲಿ ಒಬ್ಬರೂ ಕೇಳ್ಲಿಲ್ಲ. ನಾನಾಗ ಪಿಯುಸಿ, ಏರ್‌ಪೋರ್ಟ್ ನೋಡೋ ಖುಷಿಯಲ್ಲಿ ಶಿರಾಡಿ ಇಳಿದು ಮಂಗಳೂರಿಗೆ ಬೀಳ್ಕೊಡೋಕೆ ಹೋಗಿದ್ದೆ.

ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ, ಯಾಕಂದ್ರೆ ಇದು ನೇರವಾಗಿ ನಮ್ಮಂಥವರಿಗೆ ಸಂಬಂಧಪಟ್ಟಿದ್ದು. ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟ್ 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಅವನು ತಗೊಳ್ಳಬಹುದಾದ ಸರ್ವಿಸ್ ಚಾರ್ಜ್ ಹೆಚ್ಚಂದ್ರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಹತ್ತನೇ ಕ್ಲಾಸ್ ಪಾಸಾಗದೇ ಇರೋರ ಪಾಸ್‌ಪೋರ್ಟ್ ಇಸಿಆರ್ ಅಂತ ಇರುತ್ತೆ, ಅವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗ್ಬೇಕಾದ್ರೆ ಸರ್ಕಾರದ ಕ್ಲಿಯರೆನ್ಸ್ ಬೇಕು, ಯಾರೋ ಒಬ್ಬರು ಕಾಗದ ನೋಡ್ತಾರೆ. ಹತ್ತನೇ ಕ್ಲಾಸ್ ದಾಟಿದೋರಿಗೆ ಆ ಕ್ಲಿಯರೆನ್ಸ್ ಬೇಡ. ಅಂದ್ರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ ಅಂತ ಓದಿದ ನಮ್ಮನ್ನ ‘ಇವರಿಗೆ ಬುದ್ಧಿ ಇದೆ’ ಅಂತ ನಂಬಿ ಸರ್ಕಾರ ಬಿಟ್ಟುಬಿಟ್ಟಿದೆ. ಏಜೆಂಟಿಗೂ ಗೊತ್ತು ಇದು. ವಿಸಿಟ್ ವೀಸಾದಲ್ಲಿ ಕಳಿಸಿದ್ರಂತೂ ಕಾಗದದ ಮೇಲೆ ನೀವು ಕೆಲಸಗಾರರೇ ಅಲ್ಲ, ಬುರ್ಜ್ ಖಲೀಫಾ ನೋಡೋಕೆ ಬಂದ ಪ್ರವಾಸಿಗರು.

ಏಪ್ರಿಲ್ ಮಧ್ಯಕ್ಕೆ ಅಣ್ಣನ 60 ದಿನ ಮುಗೀತು. ಕಂಪನಿ ವೀಸಾ ಮಾಡಿಸ್ಲಿಲ್ಲ. ಏಜೆಂಟ್ ಫೋನ್ ಎತ್ತಲಿಲ್ಲ.

(3/8)

ಈಗ ಲೆಕ್ಕ ಮಾಡೋಣ, ಅದೇ ತಾನೆ ನಮಗೆ ಬರೋದು.

ಯುಎಇನಲ್ಲಿ ಅವಧಿ ಮೀರಿದ್ರೆ ದಿನಕ್ಕೆ 50 ದಿರ್ಹಂ ದಂಡ. ಆಗ ಒಂದು ದಿರ್ಹಂ ಸುಮಾರು 23 ರೂಪಾಯಿ. ಅಂದ್ರೆ ಬೆಳಗ್ಗೆ ಕಣ್ಣು ಬಿಟ್ಟರೆ 1,150 ರೂಪಾಯಿ ಸಾಲ. ಭಾನುವಾರನೂ ಸೇರಿ. ಅಣ್ಣ ವಾಪಸ್ ಬಂದಿದ್ದು 2024ರ ನವೆಂಬರ್ ಮಧ್ಯದಲ್ಲಿ. ಸುಮಾರು 580 ದಿನ. 29,000 ದಿರ್ಹಂ. ನಮ್ಮ ದುಡ್ಡಲ್ಲಿ ಆರೂವರೆ ಲಕ್ಷದ ಮೇಲೆ. ‘ದಂಡ ಕಟ್ಟಿದ್ರೆ ಮುಗೀತು’ ಅಂದ ಗೆಳೆಯಾ, ನಿನ್ನ ಹತ್ರ ಆರೂವರೆ ಲಕ್ಷ ಇದ್ದಿದ್ರೆ ನೀನು ದುಬೈಗೆ ಯಾಕೆ ಹೋಗ್ತಿದ್ದೆ?

ಆದ್ರೆ ದುಡ್ಡಿನ ಲೆಕ್ಕ ಸುಲಭ. ಉಳಿದಿದ್ದು ಲೆಡ್ಜರಲ್ಲಿ ಬರಲ್ಲ. ಅವನು ಒಂದು ಗೋಡೌನಲ್ಲಿ ಲೋಡಿಂಗ್ ಕೆಲಸ ಮಾಡಿದ, ಕೈಗೆ ಕ್ಯಾಶ್. ಅಲ್ಲಿನ ಐಡಿ ಕಾರ್ಡ್ ಇಲ್ಲ ಅಂದ್ಮೇಲೆ ಬ್ಯಾಂಕ್ ಅಕೌಂಟ್ ಇಲ್ಲ, ಮನೆಗೆ ದುಡ್ಡು ಕಳಿಸ್ಬೇಕಾದ್ರೆ ರೂಮಿನವನ ಹೆಸರಲ್ಲಿ. ಕಾಲಿಗೆ ಮೊಳೆ ಚುಚ್ಚಿ ಊದಿಕೊಂಡಾಗ ಆಸ್ಪತ್ರೆಗೆ ಹೋಗೋಕೆ ಹೆದರಿ ಮೆಡಿಕಲ್ ಶಾಪ್ ಮಾತ್ರೆ ನುಂಗಿದ. ಎರಡು ತಿಂಗಳ ಸಂಬಳ ಕೊಡ್ಲಿಲ್ಲ. ದೂರು ಕೊಡೋದೆಲ್ಲಿ? ‘ಸಾರ್, ನನಗೆ ಸಂಬಳ ಕೊಟ್ಟಿಲ್ಲ, ಅಂದ ಹಾಗೆ ನಾನು ಇಲ್ಲಿ ಇರಲೇಬಾರದು’ ಅಂತ ಹೇಳಕ್ಕಾಗುತ್ತಾ? ಸಂಬಳ ಕೊಡದೇ ಇದ್ದೋನಿಗೂ ಅದು ಚೆನ್ನಾಗಿ ಗೊತ್ತಿತ್ತು. ವೀಸಾ ಮುಗಿದೋನನ್ನ ಕೆಲಸಕ್ಕೆ ಇಟ್ಕೊಳ್ಳೋರು ಅವನ ಮೇಲಿನ ಪ್ರೀತಿಗೆ ಇಟ್ಕೊಳ್ಳಲ್ಲ.

2024ರ ಜುಲೈ ನೆನಪಿದೆಯಾ? ಸಕಲೇಶಪುರದ ಹತ್ರ ಗುಡ್ಡ ಕುಸಿದು ಹೆದ್ದಾರಿ ಬಂದ್, ಎಡಕುಮೇರಿ ಕಡೆ ರೈಲು ಹಳಿ ಕೆಳಗಿನ ಮಣ್ಣೇ ಕೊಚ್ಚಿಹೋಗಿ ಟ್ರೈನೂ ಬಂದ್. ಆ ತಿಂಗಳು ಅಜ್ಜಿ ಹೋದ್ರು. ಅಣ್ಣನನ್ನ ಸಾಕಿದ್ದೇ ಅಜ್ಜಿ. ಅವನು ವಿಡಿಯೋ ಕಾಲಲ್ಲಿ ನೋಡಿದ. ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡ್ತಿತ್ತು, ಫೋನ್ ಹಿಡ್ಕೊಂಡಿದ್ದು ನಾನು. ದೊಡ್ಡಪ್ಪ ಒಂದು ಸಲ ಫೋನ್ ಕಡೆ ನೋಡಿ ಮುಖ ತಿರುಗಿಸಿದ್ರು. ಬರೋಕೆ ಟಿಕೆಟ್ ದುಡ್ಡು ಹೇಗೋ ಹೊಂದಿಸಬಹುದಿತ್ತು, ಏರ್‌ಪೋರ್ಟಲ್ಲಿ ಕಟ್ಟೋಕೆ ಐದಾರು ಲಕ್ಷ ಎಲ್ಲಿಂದ ತರೋದು?

ಯುಎಇ ಕ್ಷಮಾದಾನ ಘೋಷಿಸಿದ್ದು ಆಗಸ್ಟ್ ಒಂದನೇ ತಾರೀಖು.

(4/8)

ಹೌದು, ಆಮ್ನೆಸ್ಟಿ ಬಂತು. 2024ರ ಸೆಪ್ಟೆಂಬರ್ 1ರಿಂದ ಎರಡು ತಿಂಗಳು ಅಂತ ಶುರುವಾಗಿ, ಆಮೇಲೆ ಡಿಸೆಂಬರ್ 31ರವರೆಗೆ ಮುಂದುವರಿಸಿದ್ರು. ದಂಡ ಮನ್ನಾ, ಹೊರಟೋದ್ರೆ ಮರುಪ್ರವೇಶಕ್ಕೆ ನಿಷೇಧನೂ ಇಲ್ಲ. ಅಣ್ಣ ಅದರಲ್ಲೇ ಬಂದ. ಅವತ್ತು ಮನೆಯಲ್ಲಿ ಹಬ್ಬ.

ನನ್ನ ತಕರಾರು ಇಲ್ಲಿಂದ ಶುರು. ಊರಿನವರು ಇದರಿಂದ ಕಲಿತ ಪಾಠ ಏನು ಗೊತ್ತಾ? ‘ನೋಡಿದ್ಯಾ, ಒಂದೂವರೆ ವರ್ಷ ಇದ್ದು ಬಂದ, ಒಂದು ರೂಪಾಯಿ ಕಟ್ಲಿಲ್ಲ, ಏನೂ ಆಗಲಿಲ್ಲ.’ ಮುರಿದ ಸೇತುವೆ ಮೇಲೆ ಒಬ್ಬ ಪುಣ್ಯಕ್ಕೆ ದಾಟಿದ್ರೆ ಸೇತುವೆ ಗಟ್ಟಿ ಇದೆ ಅಂತ ಅರ್ಥನಾ?

ಅದಕ್ಕಿಂತ ಮುಂಚೆ ಅಲ್ಲಿ ಇಂಥಾ ದೊಡ್ಡ ಆಮ್ನೆಸ್ಟಿ ಬಂದಿದ್ದು 2018ರಲ್ಲಿ. ಅದಕ್ಕೂ ಮುಂಚೆ 2012ರ ಕೊನೆಗೆ. ಆರಾರು ವರ್ಷ. ಇದು ಆಲೂರು-ಹಾಸನ ಬಸ್ಸಲ್ಲ, ಇದು ತಪ್ಪಿದ್ರೆ ಅರ್ಧ ಗಂಟೆಗೆ ಇನ್ನೊಂದು ಅನ್ನೋಕೆ. ನಡುವೆ ಪೊಲೀಸ್ ಚೆಕಿಂಗಲ್ಲಿ ಸಿಕ್ಕಿಬಿದ್ರೆ ಡಿಪೋರ್ಟ್, ಆಗ ನಿಷೇಧ ಬೇರೆ.

‘ಹೊಸ ಪಾಸ್‌ಪೋರ್ಟ್ ಮಾಡಿಸಿದ್ರೆ ಗೊತ್ತೇ ಆಗಲ್ಲ’ ಅನ್ನೋ ಇನ್ನೊಂದು ಜಾಣತನ ಇದೆ. ಸ್ವಾಮಿ, ಡಿಪೋರ್ಟ್ ಆದವರು ಹೆಸರು ಬದಲಾಯಿಸಿ ಬರ್ತಾರೆ ಅಂತಲೇ ಯುಎಇ ಗಡಿಗಳಲ್ಲಿ ಕಣ್ಣಿನ ಪಾಪೆ ಸ್ಕ್ಯಾನ್ ಮಾಡೋಕೆ ಶುರು ಮಾಡಿದ್ದು 2000ದ ದಶಕದ ಮೊದಲ ವರ್ಷಗಳಲ್ಲೇ. ನಾವು ಹುಟ್ಟೋಕೂ ಮುಂಚೆ. ಪಾಸ್‌ಪೋರ್ಟ್ ಬದಲಾಯಿಸಬಹುದು, ಕಣ್ಣು?

(5/8)

ಈ ಪೋಸ್ಟ್ ಗಲ್ಫಿಗೆ ಹೋಗಲ್ಲ ಅನ್ನೋರಿಗೆ.

ಥಾಯ್ಲೆಂಡ್ ಮೊದಲು, ಯಾಕಂದ್ರೆ ಡಿಗ್ರಿ ಮುಗಿದ ಖುಷಿಗೆ ಅಲ್ಲಿಗೆ ಟ್ರಿಪ್ ಹಾಕೋ ಗ್ರೂಪ್ ನಮ್ಮ ಕ್ಲಾಸಲ್ಲೂ ಇದೆ. 2023ರ ನವೆಂಬರಲ್ಲಿ ಭಾರತೀಯರಿಗೆ ವೀಸಾ ಬೇಡ ಅಂದಾಗಿನಿಂದ ರೀಲ್ಸಲ್ಲಿ ಬರೀ ‘ವೀಸಾ ಫ್ರೀ’. ವೀಸಾ ಫ್ರೀ ಅಂದ್ರೆ ದಿನ ಫ್ರೀ ಅಲ್ಲ. ಅವಧಿ ಮೀರಿದ್ರೆ ದಿನಕ್ಕೆ 500 ಬಾತ್, ಹೆಚ್ಚಂದ್ರೆ 20,000. ‘ಇಷ್ಟೇನಾ?’ ಅನ್ಬೇಡಿ. 2016ರ ಮಾರ್ಚಿಂದ ಅಲ್ಲಿ ನಿಯಮ ಹೀಗಿದೆ: 90 ದಿನ ಮೀರಿದ ಮೇಲೆ ನೀವಾಗೇ ಹೊರಟ್ರೂ ಒಂದು ವರ್ಷ ಒಳಗೆ ಬಿಡಲ್ಲ, ಒಂದು ವರ್ಷ ಮೀರಿದ್ರೆ ಮೂರು ವರ್ಷ. ನೀವಾಗೇ ಹೋಗದೇ ಸಿಕ್ಕಿಬಿದ್ರೆ ಕೆಲವೇ ದಿನ ಮೀರಿದ್ರೂ ಐದು ವರ್ಷ.

ಯುರೋಪಿನ ಶೆಂಗೆನ್ ದೇಶಗಳಲ್ಲಿ 180 ದಿನದಲ್ಲಿ 90 ದಿನ. ಮುಂಚೆ ಅಧಿಕಾರಿ ಪಾಸ್‌ಪೋರ್ಟ್ ಹಾಳೆ ತಿರುವಿ ಸೀಲ್ ಹುಡುಕಿ ಬೆರಳಲ್ಲಿ ಎಣಿಸ್ಬೇಕಿತ್ತು. 2025ರ ಅಕ್ಟೋಬರ್ 12ರಿಂದ ಮುಖ, ಬೆರಳಚ್ಚು ತಗೊಂಡು ಕಂಪ್ಯೂಟರೇ ಎಣಿಸೋ ವ್ಯವಸ್ಥೆ ಶುರುವಾಗಿದೆ. ಕಂಪ್ಯೂಟರಿಗೆ ನಿದ್ದೆ ಬರಲ್ಲ.

ಇನ್ನು ಅಮೆರಿಕ. ಇದನ್ನ ನಿಮಗಲ್ಲ, ನಿಮ್ಮ ಅಮ್ಮ, ಅತ್ತೆ, ಚಿಕ್ಕಮ್ಮನಿಗೆ ಓದಿ ಹೇಳಿ. ಮಗಳ ಬಾಣಂತನಕ್ಕೆ ಅಂತ ಹೋಗೋರ ಪಾಸ್‌ಪೋರ್ಟಲ್ಲಿ ಹತ್ತು ವರ್ಷದ ವೀಸಾ ಇರುತ್ತೆ. ‘ಹತ್ತು ವರ್ಷ ಇದೆಯಲ್ಲ, ಮಗು ನಡೆಯೋಕೆ ಶುರು ಮಾಡ್ಲಿ, ಆಮೇಲೆ ಬರ್ತೀನಿ’ ಅಂತ ಉಳ್ಕೊಳ್ಳೋರಿದ್ದಾರೆ. ತಪ್ಪು. ಆ ಹತ್ತು ವರ್ಷ ಬಾಗಿಲು ಬಡಿಯೋಕೆ. ಒಳಗೆ ಎಷ್ಟು ದಿನ ಕೂರಬಹುದು ಅನ್ನೋದು ಪ್ರತಿ ಸಲ ಏರ್‌ಪೋರ್ಟಲ್ಲಿ ಅಧಿಕಾರಿ ಕೊಡೋ ಐ-94 ಅನ್ನೋ ದಾಖಲೆಯಲ್ಲಿರುತ್ತೆ, ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಒಂದು ದಿನ ಮೀರಿದ್ರೂ ಆ ಹತ್ತು ವರ್ಷದ ವೀಸಾ ರದ್ದು. 180 ದಿನಕ್ಕಿಂತ ಹೆಚ್ಚು ಮೀರಿ ಹೊರಟ್ರೆ ಮೂರು ವರ್ಷ ಪ್ರವೇಶ ಇಲ್ಲ, ಒಂದು ವರ್ಷ ಮೀರಿದ್ರೆ ಹತ್ತು ವರ್ಷ. 1996ರಿಂದ ಇರೋ ಕಾನೂನು. ಮೊಮ್ಮಗುವಿನ ಮೊದಲ ಹೆಜ್ಜೆ ನೋಡೋಕೆ ಉಳ್ಕೊಂಡೋರು ಅದು ಹೈಸ್ಕೂಲ್‌ಗೆ ಹೋಗೋ ತನಕ ಹೋಗಕ್ಕಾಗಲ್ಲ.

2025ರ ಮೇನಲ್ಲಿ ಭಾರತದಲ್ಲಿರೋ ಅಮೆರಿಕ ರಾಯಭಾರ ಕಚೇರಿನೇ ಸೋಶಿಯಲ್ ಮೀಡಿಯಾದಲ್ಲಿ ಇದರ ಬಗ್ಗೆ ಎಚ್ಚರಿಕೆ ಹಾಕಿತ್ತು. ಅದಕ್ಕೂ ನಮ್ಮವರು ಹಾಕಿದ್ದು ನಗೋ ಇಮೋಜಿ.

(6/8)

ಈ ಫೋಟೋ ನಾನು ಶನಿವಾರ-ಭಾನುವಾರ ಕೆಲಸ ಮಾಡೋ ಹೋಮ್‌ಸ್ಟೇ ಕೌಂಟರ್. ಮಂಜು, ಮಳೆ, ಕೆಂಪು ಹೆಂಚು ಎಲ್ಲ ಅವರ ಪೇಜಲ್ಲಿದೆ, ನನ್ನ ಪಾಲಿಗೆ ಬಂದಿರೋದು ಈ ಹಳೇ ಲ್ಯಾಪ್‌ಟಾಪ್.

ವಿದೇಶಿ ಅತಿಥಿ ಬಂದ್ರೆ 24 ಗಂಟೆಯೊಳಗೆ ಫಾರ್ಮ್ ತುಂಬಿ ಆನ್‌ಲೈನಲ್ಲಿ ಕಳಿಸ್ಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ವೀಸಾ ಎಲ್ಲಿವರೆಗೆ, ಎಲ್ಲಿಂದ ಬಂದ್ರು, ಎಲ್ಲಿಗೆ ಹೋಗ್ತಾರೆ. ನಾನೇ ಟೈಪ್ ಮಾಡೋದು. ಬಿಸಿಲೆ ನೋಡೋಕೆ ಬಂದ ಒಬ್ಬ ಫ್ರೆಂಚ್ ಅಜ್ಜನ ವೀಸಾ ತಾರೀಖು ದೆಹಲಿಯಲ್ಲಿ ಕೂತೋರಿಗೆ ಗೊತ್ತಾಗೋದು ಸಕಲೇಶಪುರದ ಈ ಟೇಬಲ್‌ನಿಂದ. ನಮ್ಮ ದೇಶ ಬೇರೆಯವರ ದಿನ ಇಷ್ಟು ಜೋಪಾನವಾಗಿ ಎಣಿಸುತ್ತೆ ಅಂದ್ಮೇಲೆ ಬೇರೆ ದೇಶದವರು ನಮ್ಮ ದಿನ ಎಣಿಸಲ್ಲ ಅಂತ ಯಾಕೆ ಅಂದ್ಕೊಂಡಿದ್ದೀರಾ?

ಇನ್ನೊಂದು ಮಾತು, ಕೆಲವರಿಗೆ ಕಹಿ ಆಗುತ್ತೆ. ನಮ್ಮ ಕಡೆ ಎಸ್ಟೇಟ್ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದ ಕೂಲಿಗಳಿದ್ದಾರೆ. ಅವರಿಲ್ಲದೇ ಕಾಫಿ ಕೊಯ್ಲು ಮುಗಿಯಲ್ಲ ಅನ್ನೋದು ಎಲ್ಲಾ ಪ್ಲಾಂಟರಿಗೂ ಗೊತ್ತು. ಅಸ್ಸಾಂನವರು ನಮ್ಮ ದೇಶದ ಪ್ರಜೆಗಳು, ಹಾಸನಕ್ಕೆ ಬರೋಕೆ ಅವರಿಗೆ ವೀಸಾ ಬೇಡ. ಆದ್ರೂ ಸಂತೆ ದಿನ ಬಂಗಾಳಿ ಥರ ಮಾತು ಕೇಳಿದ ತಕ್ಷಣ ‘ಇವರೆಲ್ಲ ಬಾಂಗ್ಲಾದವರು, ಕದ್ದು ಬಂದು ಕೂತಿದ್ದಾರೆ, ಒದ್ದು ಓಡಿಸ್ಬೇಕು’ ಅಂತ ಸ್ಟೇಟಸ್ ಹಾಕೋರು ನನ್ನ ಫಾಲೋವರ್ಸಲ್ಲೇ ಇದ್ದಾರೆ. ಅವರೇ ಕ್ಯಾಂಟೀನಲ್ಲಿ ಕೂತು ‘ವೀಸಾ ಮುಗಿದ್ರೂ ಇದ್ಬಿಡೋದು ಮಗಾ’ ಅಂತಾರೆ. ಬೇರೆಯವನು ಮಾಡಿದ್ರೆ ನುಸುಳುಕೋರ, ನಮ್ಮ ಹುಡುಗ ಮಾಡಿದ್ರೆ ಅಡ್ಜಸ್ಟ್‌ಮೆಂಟ್. ಯಾವುದಾದ್ರೂ ಒಂದು ಕಡೆ ನಿಂತ್ಕೊಳ್ಳಿ. ಅಣ್ಣ ಅಲ್ಲಿ ಗೋಡೌನ್ ಹಿಂದೆ ಪೊಲೀಸ್ ಗಾಡಿ ಸದ್ದಿಗೆ ಬೆಚ್ಚಿಬೀಳ್ತಿದ್ದ ಕಥೆ ಕೇಳಿದ ಮೇಲೆ ನನಗಂತೂ ಲೈನ್ ಮನೆಯವರ ಬಗ್ಗೆ ಹಂಗೆ ಮಾತಾಡೋಕೆ ನಾಲಿಗೆ ಬರಲ್ಲ.

(7/8)

ನಿನ್ನೆಯ ಪೋಸ್ಟಿಗೆ ಒಬ್ಬರು ಕೇಳಿದ್ರು: ‘ಅವರವರ ರಿಸ್ಕ್ ಅವರವರಿಗೆ, ನಿಂಗೇನು ಕಷ್ಟ?’

ನನಗೆ ಕಷ್ಟ ಇದೆ. ಅಮೆರಿಕ ಪ್ರತಿ ವರ್ಷ ಯಾವ ದೇಶದವರು ಎಷ್ಟು ಜನ ಅವಧಿ ಮೀರಿ ಉಳಿದ್ರು ಅಂತ ವರದಿ ಹಾಕುತ್ತೆ, ದೇಶದ ಹೆಸರಿನ ಮುಂದೆ ಶೇಕಡಾ ಲೆಕ್ಕ. 2025ರ ಆಗಸ್ಟಲ್ಲಿ ಆ ಲೆಕ್ಕ ಇಟ್ಕೊಂಡೇ ಒಂದು ಹೊಸ ಪದ್ಧತಿ ತಂದ್ರು: ಪಟ್ಟಿಗೆ ಸೇರಿದ ದೇಶದವರು ಟೂರಿಸ್ಟ್ ವೀಸಾಕ್ಕೆ 5,000ದಿಂದ 15,000 ಡಾಲರ್ ತನಕ ಬಾಂಡ್ ಇಡಬೇಕು. ಮೊದಲು ಹೆಸರು ಬಂದಿದ್ದು ಮಲಾವಿ, ಜಾಂಬಿಯಾ. ಅಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿ ಇರ್ತಾಳೆ ಅಂದ್ಕೊಳ್ಳಿ, ಅವಳು ಜೀವನದಲ್ಲಿ ಒಂದು ದಿನನೂ ಎಲ್ಲೂ ಮೀರಿ ಉಳಿದಿಲ್ಲ. ಬಾಂಡ್ ಅವಳೂ ಇಡಬೇಕು. ಅವರವರ ರಿಸ್ಕ್ ಅವರವರಿಗೆ ಅನ್ನೋದು ಸುಳ್ಳು. ಒಬ್ಬರ ಸಾಲಕ್ಕೆ ಊರೆಲ್ಲ ಜಾಮೀನು.

ಹಾಗಂತ ಎಲ್ಲಾ ತಪ್ಪು ಹೋದ ಹುಡುಗರದ್ದೇ ಅಂತ ನಾನು ಹೇಳ್ತಿಲ್ಲ. ಏಜೆಂಟ್ ಕೈಕೊಟ್ಟ, ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಕೊಂಡ, ಇಂಥ ಕಡೆ ಹುಡುಗನನ್ನ ಬೈಯೋದು ಪಾಪ. ಪಾಸ್‌ಪೋರ್ಟ್ ಕಿತ್ತಿಟ್ಕೊಳ್ಳೋದು ಯುಎಇನಲ್ಲೂ ಕಾನೂನುಬಾಹಿರ. ಅಂಥ ಹೊತ್ತಲ್ಲಿ ಮನೆಯವರು ಮದದ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ ದೂರು ಹಾಕಬಹುದು. ಕಷ್ಟದಲ್ಲಿರೋ ಭಾರತೀಯರಿಗೆ ಅಂತ ರಾಯಭಾರ ಕಚೇರಿಗಳ ಹತ್ರ 2009ರಿಂದ ಒಂದು ಕಲ್ಯಾಣ ನಿಧಿ ಇದೆ, ನಿಜವಾಗಿ ಗತಿ ಇಲ್ಲದವರಿಗೆ ಟಿಕೆಟ್ಟಿಗೂ ಸಣ್ಣಪುಟ್ಟ ದಂಡಕ್ಕೂ ಅದರಿಂದ ಸಹಾಯ ಮಾಡ್ತಾರೆ. ನಮ್ಮ ಮನೆಯಲ್ಲಿ ಇದು ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ಆ ಒಂದೂವರೆ ವರ್ಷ ನಾವು ಮಾಡಿದ್ದು ಮರ್ಯಾದೆ ಕಾಪಾಡಿಕೊಂಡಿದ್ದು ಮಾತ್ರ. ಯಾರಾದ್ರೂ ಕೇಳಿದ್ರೆ ದೊಡ್ಡಮ್ಮ ‘ಕಂಪನಿಯಲ್ಲಿ ಸೂಪರ್‌ವೈಸರ್’ ಅಂತಿದ್ರು. ಆ ಸೂಪರ್‌ವೈಸರ್ ಅನ್ನೋ ಮಾತು ಕೇಳ್ಕೊಂಡೇ ಊರಿನ ಇನ್ನೊಬ್ಬ ಅದೇ ಏಜೆಂಟ್ ಹತ್ರ ಹೋದ. ಇದರಲ್ಲಿ ನಮ್ಮ ಮನೆ ಪಾಲೂ ಇದೆ, ಒಪ್ಪಿಕೊಳ್ತೀನಿ.

(8/8)

ಈಗ ನಮ್ಮ ಮನೆಯಲ್ಲಿ ನಡೀತಿರೋ ಜಗಳ ಹೇಳಿ ಮುಗಿಸ್ತೀನಿ.

ಅಣ್ಣನಿಗೆ ಈಗ ಆಸ್ಟ್ರೇಲಿಯಾಕ್ಕೆ ಅಡುಗೆ ಕೋರ್ಸಿಗೆ ಹೋಗೋ ಆಸೆ. ಕಾಫಿಗೆ ಎರಡು ವರ್ಷ ಒಳ್ಳೇ ರೇಟು ಸಿಕ್ಕಿದ್ದರಿಂದ ದೊಡ್ಡಪ್ಪ ಬ್ಯಾಂಕ್ ಸಾಲಕ್ಕೆ ಒಪ್ಪಿದ್ದಾರೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ. ಆಸ್ಟ್ರೇಲಿಯಾದಲ್ಲಾಗಲಿ ಬೇರೆ ಯಾವುದೇ ದೇಶದಲ್ಲಾಗಲಿ ಅನುಮತಿಸಿದ ಅವಧಿ ಮೀರಿ ಇದ್ದು ಹೊರಟಿದ್ದೀರಾ ಅಂತ. ಬೇರೆ ಯಾವುದೇ ದೇಶ. ಯುಎಇ ಕ್ಷಮಿಸಿತು, ದಂಡ ಮನ್ನಾ ಮಾಡಿತು, ನಿಷೇಧ ಹಾಕ್ಲಿಲ್ಲ. ಆದ್ರೂ ಆ 580 ದಿನ ಇದ್ದಿದ್ದು ಇದ್ದಿದ್ದೇ. ದಂಡ ಮನ್ನಾ ಆಗುತ್ತೆ, ದಿನ ಮನ್ನಾ ಆಗಲ್ಲ.

ಹೊಸ ಏಜೆಂಟ್ (ಹೌದು, ಇನ್ನೊಬ್ಬ) ‘ಇಲ್ಲ ಅಂತ ಒತ್ತಿ, ಯಾರು ನೋಡ್ತಾರೆ’ ಅಂದ. ದೊಡ್ಡಪ್ಪನೂ ‘ಅವನಿಗೆ ಅನುಭವ ಇದೆ, ಅವನು ಹೇಳಿದ ಹಾಗೆ ಮಾಡು’ ಅಂದ್ರು. ನಾನು ಮಧ್ಯೆ ಬಾಯಿ ಹಾಕಿದೆ. ಇದು ಬೇಕಾ ನಿನಗೆ, ಓದೋ ಹುಡುಗಿ ಓದ್ಕೋ ಅಂತ ಬೈಸಿಕೊಂಡೆ. ಆದ್ರೆ ಓದಿದ್ದಕ್ಕೇ ಹೇಳಿದ್ದು. ಕೂತು ಒಂದೊಂದು ದೇಶದ ನಿಯಮ ನೋಡಿದ್ದೀನಿ. ಬ್ರಿಟನ್ನಲ್ಲಿ 30 ದಿನಕ್ಕಿಂತ ಹೆಚ್ಚು ಮೀರಿ ಸ್ವಂತ ಖರ್ಚಲ್ಲಿ ತಾನಾಗೇ ಹೊರಟವನಿಗೆ ಒಂದು ವರ್ಷ ನಿಷೇಧ, ಅರ್ಜಿಯಲ್ಲಿ ಮೋಸ ಮಾಡಿದವನಿಗೆ ಹತ್ತು ವರ್ಷ. ಕೆನಡಾದಲ್ಲಿ ಸುಳ್ಳು ಮಾಹಿತಿಗೆ ಐದು ವರ್ಷ. ಆಸ್ಟ್ರೇಲಿಯಾದಲ್ಲಿ ಸುಳ್ಳು ಸಿಕ್ಕಿದ್ರೆ ಮೂರು ವರ್ಷ. ಅಮೆರಿಕದಲ್ಲಿ ಅವಧಿ ಮೀರಿದ್ದಕ್ಕೆ ಮೂರೋ ಹತ್ತೋ ವರ್ಷ, ಸುಳ್ಳು ಹೇಳಿ ವೀಸಾ ತಗೊಳ್ಳೋಕೆ ನೋಡಿದ್ದಕ್ಕೆ ಜೀವನಪೂರ್ತಿ. ಅಸಲಿಗಿಂತ ಬಡ್ಡಿ ಜಾಸ್ತಿ. ಜೊತೆಗೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐದೂ ದೇಶದವರು ವೀಸಾ ಅರ್ಜಿದಾರರ ಬೆರಳಚ್ಚು, ಮಾಹಿತಿ ಪರಸ್ಪರ ತಾಳೆ ನೋಡ್ತಾರೆ. ಒಂದು ಕಡೆ ಹೇಳಿದ ಸುಳ್ಳು ಇನ್ನೊಂದು ಕಡೆ ಕಾಯ್ತಾ ಕೂತಿರುತ್ತೆ.

ಸುಳ್ಳು ಸಿಕ್ಕಿಬಿದ್ರೆ ಏಜೆಂಟಿನ ಹೆಸರು ಎಲ್ಲೂ ಬರಲ್ಲ. ಸಹಿ ಅಣ್ಣನದ್ದು.

ಮೂರು ದಿನ ಮನೆಯಲ್ಲಿ ಮಾತಿಲ್ಲ ಕಥೆಯಿಲ್ಲ. ನಾಲ್ಕನೇ ದಿನ ರಾತ್ರಿ ಅಣ್ಣ ನನ್ನ ಲ್ಯಾಪ್‌ಟಾಪ್ ಕೇಳಿದ. ‘ಹೌದು’ ಅಂತ ಒತ್ತಿದ. ಕೆಳಗೆ ವಿವರಣೆಗೆ ಜಾಗ ಇತ್ತು. ಯಾವ ತಾರೀಖಿಗೆ ಹೋದೆ, ಯಾವಾಗ ಮುಗೀತು, ಯಾಕೆ ಉಳಿದೆ, ಯಾವ ಕ್ಷಮಾದಾನದಲ್ಲಿ ಬಂದೆ, ಎಕ್ಸಿಟ್ ಪಾಸ್ ಪ್ರತಿ ಇದೆ ಅಂತ ಕನ್ನಡದಲ್ಲಿ ಬರೆದ, ನಾನು ಇಂಗ್ಲಿಷಿಗೆ ತಂದೆ. ‘ಅಜ್ಜಿ ತೀರಿಕೊಂಡಾಗಲೂ ಬರೋಕಾಗಲಿಲ್ಲ’ ಅಂತ ಒಂದು ಸಾಲು ಬರೆದು ಅಳಿಸಿದ. ‘ಅದು ಅವರಿಗ್ಯಾಕೆ’ ಅಂದ.

ಇನ್ನೂ ಉತ್ತರ ಬಂದಿಲ್ಲ. ರಿಜೆಕ್ಟ್ ಆಗಬಹುದು, ಆ ಸಾಧ್ಯತೆ ಚೆನ್ನಾಗೇ ಇದೆ ಅಂತ ಅವನಿಗೂ ಗೊತ್ತು.

ಕ್ಯಾಂಟೀನಿನ ಆ ಇಬ್ಬರಿಗೆ: ನಿಮ್ಮ ಏಜೆಂಟ್ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯಾ ಅಂತ ಸೋಮವಾರ ಇಂಟರ್ವಲ್‌ನಲ್ಲಿ ಕೂತು ನೋಡೋಣ, ಐದು ನಿಮಿಷದ ಕೆಲಸ. ಬಜ್ಜಿ ನಂದು.

#ಸಕಲೇಶಪುರ #ಆಲೂರು #ಹಾಸನ #ವಿಸಿಟ್‌ವೀಸಾ #ಏನೂಆಗಲ್ಲಬಿಡು